ಸದ್ದು ಮಾಡದ ನಾಯಿ ನೆಮ್ಮದಿಯಾಗಿದೆಯೇ?

ಪ್ರಶ್ನೆ: ನಮ್ಮ ಗುಂಡನಿಗೆ ಈಗ ಮೂರು ವರ್ಷ. ಎಂಟು ತಿಂಗಳ ಮರಿಯಾಗಿದ್ದಾಗ ಬೇರೊಂದು ಮನೆಯಿಂದ ನಮ್ಮಲ್ಲಿಗೆ ಬಂದ. ಕಳೆದ ಎರಡು ವರ್ಷ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಎರಡು ತಿಂಗಳಿಂದ ವಾರಕ್ಕೆ ಮೂರು ದಿನ ಕಚೇರಿಗೆ ಹೋಗಬೇಕಾಗಿದೆ. ಆ ದಿನಗಳಲ್ಲಿ ಅವನು ನಾಲ್ಕೈದು ಗಂಟೆ ಒಬ್ಬನೇ ಇರುತ್ತಾನೆ. ಬೊಗಳುವುದಿಲ್ಲ, ಅಕ್ಕಪಕ್ಕದವರಿಂದ ದೂರು ಬಂದಿಲ್ಲ. ಆದರೆ ನಾನು ಸ್ನಾನ ಮುಗಿಸಿ ಬಟ್ಟೆ ಬದಲಿಸುವಷ್ಟರಲ್ಲೇ ಮೇಲಿಂದ ಮೇಲೆ ಆಕಳಿಸುತ್ತಾನೆ, ತುಟಿ ನೆಕ್ಕಿಕೊಳ್ಳುತ್ತಾನೆ. ಚೀಲ ಕೈಗೆತ್ತಿಕೊಂಡರೆ ಮೇಜಿನ ಕೆಳಗೆ ಹೋಗಿ ಕೂರುತ್ತಾನೆ. ಹಾಕಿಟ್ಟ ಊಟ ನಾನು ಮರಳುವವರೆಗೂ ಹಾಗೆಯೇ ಇರುತ್ತದೆ; ಬಂದ ಮೇಲೆ ಗಬಗಬನೆ ತಿನ್ನುತ್ತಾನೆ. ಮುಂಗಾಲಿನ ಕೂದಲು ಒದ್ದೆಯಾಗಿರುತ್ತದೆ. ಒಂದು ದಿನ ಮಾತ್ರ ನನ್ನ ಚಪ್ಪಲಿ ಕಚ್ಚಿ ಹಾಕಿದ್ದ. ನಾನು ಒಳಗೆ ಬಂದಾಗ ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಾಡಿ ಮೂಲೆಯಲ್ಲಿ ಕೂತಿದ್ದ. ಮನೆಯವರು ಇದೆಲ್ಲ ಮುದ್ದು ಹೆಚ್ಚಾಗಿ ಕಲಿತ ನಾಟಕ ಎನ್ನುತ್ತಾರೆ. ಗೆಳತಿ ಇನ್ನೊಂದು ನಾಯಿ ತರಲು ಹೇಳುತ್ತಾಳೆ. ತರಬೇತುದಾರರೊಬ್ಬರು ಪಂಜರದಲ್ಲಿಟ್ಟು ಹೋಗಿ, ಅತ್ತರೂ ತಿರುಗಿ ನೋಡಬೇಡಿ ಎಂದರು. ಇದು ನಿಜವಾಗಿಯೂ ಆತಂಕವೇ ಅಥವಾ ನಾನೇ ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿದ್ದೇನೆಯೇ? ರಾತ್ರಿ ನನ್ನ ಹಾಸಿಗೆಯ ಮೇಲೆ ಮಲಗಿಸಿಕೊಳ್ಳುವುದನ್ನು ನಿಲ್ಲಿಸಬೇಕೇ?

ಉತ್ತರ: ನೀವು ಇಲ್ಲದ್ದನ್ನು ಕಲ್ಪಿಸಿಕೊಂಡಿಲ್ಲ. ನೀವು ಬರೆದ ಸಂಗತಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಒಂಟಿಯಾಗಿ ಉಳಿಯುವುದು ಗುಂಡನಿಗೆ ಕಷ್ಟವಾಗುತ್ತಿದೆ ಎಂದೇ ನನಗೆ ಅನ್ನಿಸುತ್ತದೆ. ಪಶುವೈದ್ಯರು ಇದನ್ನು ಅಗಲಿಕೆಯ ಆತಂಕ, ಸೆಪರೇಷನ್ ಆಂಗ್ಸೈಟಿ ಎನ್ನುತ್ತೇವೆ. ಅವನನ್ನು ನೋಡದೆ ಇದೇ ಎಂದು ಖಚಿತವಾಗಿ ಹೇಳಲಾರೆ. ಖಚಿತಪಡಿಸಿಕೊಳ್ಳಲು ನೀವೇ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ, ಅದನ್ನು ಮುಂದೆ ಹೇಳುತ್ತೇನೆ. ಎರಡೇ ತಿಂಗಳಲ್ಲಿ ನೀವು ಇಷ್ಟನ್ನು ಗಮನಿಸಿದ್ದು ಅವನ ಪುಣ್ಯ. ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಬಾಗಿಲ ಚೌಕಟ್ಟು ಕಿತ್ತುಹೋದ ಮೇಲೆ, ಇಲ್ಲವೇ ಪಕ್ಕದ ಮನೆಯವರು ಜಗಳಕ್ಕೆ ಬಂದ ಮೇಲೆ ಬರುತ್ತಾರೆ.

ಬೊಗಳದ ನಾಯಿಗೆ ತೊಂದರೆಯಿದೆ ಎಂದರೆ ಮನೆಯವರೇ ನಂಬುವುದಿಲ್ಲ ಎಂಬುದು ನಿಮ್ಮ ನಿಜವಾದ ಸಂಕಟ ಎಂದು ನನಗೆ ಅರ್ಥವಾಗುತ್ತದೆ. ಊಳಿಡುವುದು, ಬಾಗಿಲು ಕೆರೆಯುವುದು, ಒಳಗೆಲ್ಲ ಉಚ್ಚೆ ಹೊಯ್ಯುವುದು ಮನುಷ್ಯರಿಗೆ ಕಿರಿಕಿರಿ ಮಾಡುವ ಲಕ್ಷಣಗಳು. ಹಾಗಾಗಿ ಅವು ಬೇಗ ಗೊತ್ತಾಗುತ್ತವೆ. ನಾಯಿಯೊಂದೇ ಅನುಭವಿಸುವ ಲಕ್ಷಣಗಳನ್ನು ಯಾರೂ ಎಣಿಸುವುದಿಲ್ಲ. ಹಲವು ವರ್ಷಗಳ ಹಿಂದೆ ಒಂದು ಹೆಣ್ಣುನಾಯಿಯನ್ನು ಮುಂಗಾಲಿನ ಹುಣ್ಣಿಗೆಂದು ನನ್ನಲ್ಲಿಗೆ ಕರೆತರುತ್ತಿದ್ದರು. ಚರ್ಮದ ಅಲರ್ಜಿ ಎಂದುಕೊಂಡು ನಾನು ತಿಂಗಳುಗಟ್ಟಲೆ ಮುಲಾಮು, ಮಾತ್ರೆ ಕೊಟ್ಟೆ. ಹುಣ್ಣು ಮಾಯುವುದು, ಮತ್ತೆ ಆಗುವುದು, ಹೀಗೆಯೇ ನಡೆದಿತ್ತು. ಒಮ್ಮೆ ಆ ಮನೆಯವರು ಬೇರೆ ಯಾವುದೋ ಕಾರಣಕ್ಕೆ ಇಟ್ಟಿದ್ದ ಕ್ಯಾಮೆರಾದ ದೃಶ್ಯ ತಂದು ತೋರಿಸಿದರು. ನಾಯಿ ಸುಮಾರು ಮೂರು ಗಂಟೆ ಬಾಗಿಲಿಗೆ ಮುಖ ಮಾಡಿ ಕುಳಿತು ಕಾಲು ನೆಕ್ಕುತ್ತಲೇ ಇತ್ತು. ಒಂದು ಸದ್ದಿಲ್ಲ. ನಾನು ಅಷ್ಟು ದಿನ ಚರ್ಮ ನೋಡಿದ್ದೆ, ನಾಯಿಯನ್ನು ನೋಡಿರಲಿಲ್ಲ. ಅಂದಿನಿಂದ ಕಾಲು ನೆಕ್ಕುವ ನಾಯಿ ಬಂದರೆ, ಯಾರೂ ಇಲ್ಲದಾಗ ಅದು ಏನು ಮಾಡುತ್ತದೆ ಎಂದು ಕೇಳದೆ ಔಷಧ ಬರೆಯುವುದಿಲ್ಲ.

ಈಗ ಗುಂಡನ ದೇಹಭಾಷೆಗೆ ಬರೋಣ. ಮೊದಲು ಒಂದು ಎಚ್ಚರಿಕೆ. ಆಕಳಿಕೆ ಎಂದರೆ ಆತಂಕ ಎಂಬಂತೆ ಒಂದೊಂದು ಚಲನೆಗೆ ಒಂದೊಂದು ಅರ್ಥ ಹಚ್ಚುವ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವುಗಳನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ. ನಿದ್ದೆಯಿಂದ ಎದ್ದ ನಾಯಿ ಆಕಳಿಸುತ್ತದೆ, ಊಟ ಕಂಡ ನಾಯಿ ತುಟಿ ನೆಕ್ಕುತ್ತದೆ, ಮಳೆಯಲ್ಲಿ ನೆನೆದ ನಾಯಿ ಮೈ ಕೊಡವುತ್ತದೆ. ಅವುಗಳಿಗೆ ಅಷ್ಟೇ ಅರ್ಥ. ನಿದ್ದೆಯಿಲ್ಲದ ಹೊತ್ತಿನಲ್ಲಿ ಆಕಳಿಕೆ, ಊಟವಿಲ್ಲದಾಗ ತುಟಿ ನೆಕ್ಕುವುದು, ಮೈ ಒಣಗಿದ್ದಾಗ ಕೊಡವುವುದು ಕಂಡರೆ, ಅದರಲ್ಲೂ ಒಂದರ ಹಿಂದೆ ಒಂದು, ಪ್ರತಿ ಸಲ ಒಂದೇ ಸಂದರ್ಭದಲ್ಲಿ ಕಂಡರೆ, ಆಗ ಅದಕ್ಕೆ ಬೆಲೆ ಕೊಡಬೇಕು. ನಿಮ್ಮ ಮಾತಿನಲ್ಲಿ ನನ್ನ ಗಮನ ಸೆಳೆದದ್ದು ಆಕಳಿಕೆಗಿಂತ ಅದು ಶುರುವಾಗುವ ಹೊತ್ತು. ನೀವು ಇನ್ನೂ ಬಾಗಿಲ ಬಳಿಗೂ ಹೋಗಿಲ್ಲ, ಬಟ್ಟೆ ಬದಲಿಸುತ್ತಿದ್ದೀರಿ. ಅಷ್ಟರಲ್ಲೇ ಅವನು ಮುಂದಿನದನ್ನು ಲೆಕ್ಕ ಹಾಕಿ ಮುಗಿಸಿದ್ದಾನೆ.

ಹೀಗೆ ಓದಲು ನಿಮ್ಮ ನಾಯಿ ನೆಮ್ಮದಿಯಾಗಿದ್ದಾಗ ಹೇಗಿರುತ್ತದೆ ಎಂಬುದು ನಿಮಗೆ ಕರತಲಾಮಲಕವಾಗಿರಬೇಕು. ರಜೆಯ ದಿನ ಮಧ್ಯಾಹ್ನ ಅವನು ಸುಮ್ಮನೆ ಮಲಗಿರುವಾಗ ಹತ್ತು ನಿಮಿಷ ನೋಡಿ. ಬಾಲ ಎಲ್ಲಿ ನಿಲ್ಲುತ್ತದೆ, ಕಿವಿಯ ಬುಡ ಎಷ್ಟು ಸಡಿಲವಾಗಿದೆ, ಬಾಯಿ ಅರೆ ತೆರೆದಿದೆಯೇ, ಸೊಂಟವನ್ನು ಒಂದು ಪಕ್ಕಕ್ಕೆ ಚೆಲ್ಲಿ ಮಲಗಿದ್ದಾನೆಯೇ ಎಂದೆಲ್ಲ ಗಮನಿಸಿ. ಸುರುಳಿ ಬಾಲದ ತಳಿಗೆ ಬಾಲ ನೇರವಾಗುವುದೇ ತಗ್ಗಿದಂತೆ. ಮೊದಲೇ ಬಾಲ ಇಳಿಬಿಟ್ಟುಕೊಂಡಿರುವ ನಾಯಿಗೆ ಅದೇ ಸಹಜ ಸ್ಥಿತಿ. ಕಿವಿ, ಬಾಲ ಕತ್ತರಿಸಿದ ನಾಯಿಗಳನ್ನು ಓದುವುದು ಇನ್ನೂ ಕಷ್ಟ, ಏಕೆಂದರೆ ಅವುಗಳ ಅರ್ಧ ಮಾತನ್ನೇ ಕಿತ್ತುಕೊಂಡಿರುತ್ತಾರೆ.

ಆ ಸಹಜ ಚಿತ್ರ ಮನಸ್ಸಿನಲ್ಲಿದ್ದರೆ, ಕಚೇರಿಯ ದಿನ ಏನು ಬದಲಾಗುತ್ತದೆ ಎಂದು ತಾನಾಗಿಯೇ ಕಾಣುತ್ತದೆ. ಮುಖದಲ್ಲಿ ಮೊದಲು ಬಿಗಿಯಾಗುವುದು ಬಾಯಿ. ಅರೆ ತೆರೆದ ಬಾಯಿ ಮುಚ್ಚಿಕೊಳ್ಳುತ್ತದೆ, ತುಟಿಯ ಕೊನೆಗಳು ಹಿಂದಕ್ಕೆ ಎಳೆದಂತಾಗುತ್ತವೆ. ಹಣೆಯಲ್ಲಿ, ಕಣ್ಣಿನ ಮೇಲೆ ಗೆರೆಗಳು ಮೂಡುತ್ತವೆ. ತಲೆ ತಿರುಗಿಸದೆ ಕಣ್ಣಷ್ಟೇ ನಿಮ್ಮ ಹಿಂದೆ ಹೊರಳುವುದರಿಂದ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತದೆ. ಬೆಳಕು ಚೆನ್ನಾಗಿದ್ದರೂ ಪಾಪೆ ಹಿಗ್ಗಿರುತ್ತದೆ. ಕಿವಿಗಳು ಹಿಂದಕ್ಕೆ ಅಂಟಿಕೊಳ್ಳುತ್ತವೆ. ದೇಹದ ಭಾರ ಹಿಂಗಾಲಿಗೆ ಹೋಗುತ್ತದೆ, ಒಂದು ಮುಂಗಾಲು ನೆಲದಿಂದ ತುಸು ಮೇಲೇಳುತ್ತದೆ, ಬಾಲ ಇಳಿಯುತ್ತದೆ. ಬಾಲ ಅಲ್ಲಾಡಿಸುತ್ತಿದೆ, ಆದ್ದರಿಂದ ಖುಷಿಯಾಗಿದೆ ಎಂದು ಬಹಳ ಜನ ಮೋಸ ಹೋಗುವುದು ಇಲ್ಲೇ. ತಗ್ಗಿಸಿದ ಬಾಲದ ತುದಿ ಮಾತ್ರ ಬೇಗ ಬೇಗ ಆಡುತ್ತಿದ್ದರೆ ಅದು ಖುಷಿಯ ಆಟವಲ್ಲ, ಸೊಂಟದ ಸಮೇತ ಇಡೀ ಮೈ ಬಳುಕುವ ಬಾಲವೇ ಬೇರೆ.

ಏದುಸಿರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸೆಕೆಗೆ ತೇಕುವ ನಾಯಿಯ ನಾಲಿಗೆ ಉದ್ದಕ್ಕೆ ಇಳಿದು ತುದಿಯಲ್ಲಿ ಅಗಲವಾಗಿರುತ್ತದೆ, ಮುಖ ಸಡಿಲವಾಗಿರುತ್ತದೆ. ಆತಂಕದ ಏದುಸಿರು ಬೇರೆ. ಓಡಿಲ್ಲ, ಸೆಕೆಯಿಲ್ಲ, ಆದರೂ ಉಸಿರು ಚಿಕ್ಕದಾಗಿ, ಬೇಗ ಬೇಗ ಬರುತ್ತದೆ. ನಡುವೆ ಹಠಾತ್ತನೆ ಬಾಯಿ ಮುಚ್ಚಿ, ಕಿವಿಗೊಟ್ಟು ಕೇಳಿ, ಮತ್ತೆ ತೇಕಲು ಶುರು. ಆ ನಿಲುಗಡೆಯಲ್ಲಿ ನಾಯಿ ಹೊರಗಿನ ಹೆಜ್ಜೆಯ ಸಪ್ಪಳ ಹುಡುಕುತ್ತಿರುತ್ತದೆ. ಇನ್ನೊಂದು ಗುರುತು ನಯವಾದ ನೆಲವಿರುವ ಮನೆಗಳಲ್ಲಿ ಸುಲಭವಾಗಿ ಸಿಗುತ್ತದೆ: ಹೆಜ್ಜೆಯ ಒದ್ದೆ ಗುರುತುಗಳು. ನಾಯಿಗಳು ಅಂಗಾಲಿನ ಮೆತ್ತೆಗಳಲ್ಲಿ ಬೆವರುತ್ತವೆ, ಹೆದರಿದಾಗಲೂ ಬೆವರುತ್ತವೆ. ತಪಾಸಣೆಯ ಮೇಜಿನ ಮೇಲೆ ನಾನು ಇದನ್ನು ದಿನವೂ ನೋಡುತ್ತೇನೆ. ಹಾಗೆಯೇ ಒಮ್ಮೆಲೇ ಕೈತುಂಬ ಕೂದಲು ಉದುರುವುದನ್ನೂ ನೋಡುತ್ತೇನೆ. ನಿಮ್ಮ ಮನೆಯಲ್ಲಿ ನೀವು ಹೊರಡುವ ಹೊತ್ತಿಗೆ ನೆಲದ ಮೇಲೆ ಅಂಥ ಗುರುತು ಮೂಡುತ್ತಿದೆಯೇ ನೋಡಿ.

ಇನ್ನು ಊಟ. ನನ್ನನ್ನು ಕೇಳಿದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತೂಕದ ಸಾಕ್ಷಿ ಇದೇ. ಹಸಿದಿದ್ದರೂ ಮುಂದಿಟ್ಟ ಊಟ ಮುಟ್ಟದೆ, ನೀವು ಬಂದೊಡನೆ ಗಬಗಬನೆ ತಿನ್ನುವ ನಾಯಿಗೆ ಹೊಟ್ಟೆಯಲ್ಲಿ ದೋಷವಿಲ್ಲ. ಭಯದಲ್ಲಿರುವ ದೇಹ ಜೀರ್ಣದ ಕೆಲಸವನ್ನು ಬದಿಗಿಟ್ಟುಬಿಡುತ್ತದೆ. ನೀವು ಬಂದ ಮೇಲೆ ಭಯ ಇಳಿಯುತ್ತದೆ, ಹಸಿವು ಮರಳುತ್ತದೆ. ನಾಟಕವಾಡುವ ನಾಯಿ ಯಾರೂ ನೋಡದಾಗ ಉಪವಾಸ ಕೂರುವುದಿಲ್ಲ ಎಂದು ನಿಮ್ಮ ಮನೆಯವರಿಗೆ ಹೇಳಿ. ಊಟ ಮಾಡುವುದೊಂದರಿಂದಲೇ ನಾಯಿ ಆರಾಮವಾಗಿದೆ ಎಂದು ತೀರ್ಮಾನಿಸಲೂ ಬಾರದು. ಕೆಲವು ನಾಯಿಗಳು ಊಟ ಮುಗಿಯುವವರೆಗೆ ಸುಮ್ಮನಿದ್ದು, ಬಟ್ಟಲು ಖಾಲಿಯಾದ ಕ್ಷಣ ಹೆದರಲು ಶುರು ಮಾಡುತ್ತವೆ.

ನಾನು ಆರಂಭದಲ್ಲಿ ಹೇಳಿದ ಕೆಲಸ ಈಗ. ಮೊಬೈಲನ್ನೋ ಹಳೆಯ ಲ್ಯಾಪ್‌ಟಾಪನ್ನೋ ಬಾಗಿಲು ಮತ್ತು ಅವನು ಮಲಗುವ ಜಾಗ ಎರಡೂ ಕಾಣುವಂತೆ ಇಟ್ಟು, ವಿಡಿಯೊ ಚಾಲೂ ಮಾಡಿ, ಎಂದಿನಂತೆಯೇ ಸಿದ್ಧರಾಗಿ ಹೊರಡಿ. ಹೊರಡುವ ಮುನ್ನಿನ 15 ನಿಮಿಷ, ಹೋದ ಮೇಲಿನ 30 ನಿಮಿಷ ಸಿಕ್ಕರೆ ಸಾಕು. ಅಗಲಿಕೆಯ ಆತಂಕವಿರುವ ಹೆಚ್ಚಿನ ನಾಯಿಗಳಲ್ಲಿ ಲಕ್ಷಣಗಳು ಮೊದಲ ಅರ್ಧ ಗಂಟೆಯೊಳಗೇ, ಬಹಳ ಸಲ ಮೊದಲ ಕೆಲವು ನಿಮಿಷಗಳಲ್ಲೇ ಕಾಣಿಸಿಕೊಳ್ಳುತ್ತವೆ. ಅದನ್ನು ಆಮೇಲೆ ಸದ್ದಿಲ್ಲದೆ ಒಮ್ಮೆ, ಸದ್ದಿನೊಂದಿಗೆ ಒಮ್ಮೆ ನೋಡಿ. ಚಿತ್ರೀಕರಣ ನಡೆಯುತ್ತಿರುವಾಗಲೇ ಹೊರಗಿನಿಂದ ನಿಮಗೆ ಅಸಹಾಯಕ ಸಂಕಟ ಕಂಡರೆ, ಮೈಯೆಲ್ಲ ನಡುಕ, ಬಾಗಿಲಿಗೆ ಮೈ ಬಡಿಯುವುದು, ಜೊಲ್ಲು ಸುರಿಯುವುದು ಕಂಡರೆ, ಪೂರ್ತಿ ಚಿತ್ರೀಕರಣಕ್ಕಾಗಿ ಕಾಯಬೇಡಿ, ಒಳಗೆ ಹೋಗಿ.

ವಿಡಿಯೊದಲ್ಲಿ ಏನು ಹುಡುಕಬೇಕು? ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಒಂದೇ ಹಾದಿಯಲ್ಲಿ ಮತ್ತೆ ಮತ್ತೆ ತಿರುಗಾಟ. ಮಲಗಿದರೂ ತಲೆ ನೆಲಕ್ಕೆ ತಾಗದಿರುವುದು, ತಾಗಿದರೂ ಕಣ್ಣು ಬಾಗಿಲನ್ನು ಬಿಡದಿರುವುದು. ತಗ್ಗಿದ ದನಿಯ ಕುಂಯ್‌ಗುಟ್ಟುವಿಕೆ, ಇದು ಪಕ್ಕದ ಮನೆಗೆ ಕೇಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮರಗಟ್ಟಿದಂತೆ ಒಂದೇ ಭಂಗಿಯಲ್ಲಿ ಕೂತಿರುವುದು. ಇದನ್ನು ಜನ 'ಎಷ್ಟು ಸಮಾಧಾನವಾಗಿ ಕಾಯುತ್ತಾನೆ' ಎಂದುಕೊಳ್ಳುತ್ತಾರೆ. ಸಮಾಧಾನವಿರುವ ನಾಯಿ ಸುತ್ತು ಹಾಕಿ ಮಲಗುತ್ತದೆ, ಮಗ್ಗುಲು ಬದಲಿಸುತ್ತದೆ, ಎದ್ದು ನೀರು ಕುಡಿಯುತ್ತದೆ, ಕಾಲು ಚಾಚಿ ನಿದ್ದೆ ಮಾಡುತ್ತದೆ. ಸ್ಥಿರತೆಗೂ ನೆಮ್ಮದಿಗೂ ಇರುವ ವ್ಯತ್ಯಾಸ ಸ್ನಾಯುಗಳಲ್ಲಿ ಕಾಣುತ್ತದೆ.

ಬೇರೆ ಚಿತ್ರವೂ ಸಿಗಬಹುದು, ಅದಕ್ಕೇ ನಾನು ವಿಡಿಯೊಗೆ ಇಷ್ಟು ಒತ್ತು ಕೊಡುವುದು. ಒಂದೆರಡು ಗಂಟೆ ಚೆನ್ನಾಗಿ ನಿದ್ದೆ ಮಾಡಿ, ಎದ್ದು, ಸಡಿಲ ಮೈಯಲ್ಲಿ ಓಡಾಡುತ್ತ ಚಪ್ಪಲಿ ಅಗಿದಿದ್ದರೆ ಅದು ಬೇಸರ, ಆತಂಕವಲ್ಲ. ಅದಕ್ಕೆ ಹೆಚ್ಚು ನಡಿಗೆ, ಮೂಗಿಗೆ ಕೆಲಸ ಕೊಡುವ ಆಟ ಸಾಕು. ಕಿಟಕಿಯಾಚೆ ಯಾರಾದರೂ ಹಾದುಹೋದಾಗ ಮಾತ್ರ ಕೆರಳಿದರೆ ಅದರ ಮೂಲ ಕಿಟಕಿಯಲ್ಲಿದೆ. ಗುಡುಗು ಬಂದ ದಿನ ಮಾತ್ರ ಹೀಗಾದರೆ ಸದ್ದಿನ ಭಯ, ಆದರೆ ಸದ್ದಿನ ಭಯ ಮತ್ತು ಅಗಲಿಕೆಯ ಆತಂಕ ಒಂದೇ ನಾಯಿಯಲ್ಲಿ ಜೊತೆಯಾಗಿ ಕಾಣುವುದು ಅಪರೂಪವಲ್ಲ. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಒಂಟಿಯಾಗಿರಲು ಹೆದರಿದರೆ ನೋವು, ದೃಷ್ಟಿ, ಮರೆವಿನ ಕಾಯಿಲೆ ಇವನ್ನು ಮೊದಲು ಪರೀಕ್ಷಿಸುತ್ತೇವೆ. ಗುಂಡನಿಗೆ ಮೂರೇ ವರ್ಷವಾದರೂ ಒಮ್ಮೆ ಪಶುವೈದ್ಯರಿಂದ ಪೂರ್ತಿ ತಪಾಸಣೆ ಮಾಡಿಸಿ. ಮುಂಗಾಲು ನೆಕ್ಕುವುದಕ್ಕೆ ತುರಿಕೆ, ಕೀಲುನೋವು, ಬೆರಳ ಸಂದಿಯ ಸೋಂಕು ಸಹ ಕಾರಣವಾಗಬಹುದು. ಕಾಯಿಲೆಯ ನೋವಿದ್ದರೆ ಎಂಥ ತರಬೇತಿಯೂ ಹತ್ತುವುದಿಲ್ಲ.

ಚಪ್ಪಲಿಯ ದಿನದ ವಿಷಯ. ತಲೆ ತಗ್ಗಿಸಿ ಕೂತಿದ್ದನ್ನು ನೋಡಿ 'ತಪ್ಪು ಮಾಡಿದ್ದು ಅವನಿಗೆ ಗೊತ್ತು' ಎನ್ನಿಸುವುದು ಸಹಜ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ 14 ನಾಯಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಮಾಲೀಕರು ತಿನ್ನಬೇಡ ಎಂದು ಹೇಳಿ ತಿನಿಸು ಇಟ್ಟು ಹೊರಗೆ ಹೋಗುತ್ತಾರೆ. ಕೆಲವು ಸಲ ನಾಯಿ ತಿಂದಿರುತ್ತದೆ, ಕೆಲವು ಸಲ ತಿಂದಿರುವುದಿಲ್ಲ. ಆದರೆ ಒಳಗೆ ಬರುವ ಮಾಲೀಕರಿಗೆ ಹೇಳಿದ್ದು ನಿಜವೂ ಇರಬಹುದು, ಸುಳ್ಳೂ ಇರಬಹುದು. ನಾಯಿಯ 'ತಪ್ಪಿತಸ್ಥ ಮುಖ' ಅದು ತಿಂದಿತ್ತೇ ಇಲ್ಲವೇ ಎಂಬುದನ್ನು ಅವಲಂಬಿಸಿರಲಿಲ್ಲ, ಮಾಲೀಕರು ಗದರಿದರೇ ಇಲ್ಲವೇ ಎಂಬುದನ್ನು ಅವಲಂಬಿಸಿತ್ತು. ಏನೂ ತಪ್ಪು ಮಾಡದೆ ಗದರಿಸಿಕೊಂಡ ನಾಯಿಗಳಲ್ಲೇ ಆ ಮುಖ ಹೆಚ್ಚು ಎದ್ದು ಕಂಡಿತು. ಹಾಗಾದರೆ ಗುಂಡನ ಆ ಭಂಗಿ ಕ್ಷಮಾಪಣೆಯಲ್ಲ, 'ಬಯ್ಯಬೇಡ' ಎಂಬ ಬೇಡಿಕೆ. ನೀವು ಬಾಯಿ ತೆರೆಯುವ ಮೊದಲೇ ನಿಮ್ಮ ಭುಜದ ಬಿಗುವನ್ನು ಅವನು ಓದಿರುತ್ತಾನೆ. ಗಂಟೆಗಳ ಹಿಂದೆ ಅಗಿದ ಚಪ್ಪಲಿಗೂ ಈಗಿನ ಬೈಗುಳಕ್ಕೂ ಅವನಲ್ಲಿ ಸಂಬಂಧ ಕೂಡುವುದಿಲ್ಲ. 'ಅವಳು ಹೋದರೂ ಭಯ, ಬಂದರೂ ಭಯ' ಎಂಬುದಷ್ಟೇ ಅವನಿಗೆ ಪಾಠವಾಗುತ್ತದೆ. ಅಂದು ಬೈದಿದ್ದರೆ ಅದಕ್ಕಾಗಿ ಕೊರಗಬೇಡಿ, ಇನ್ನು ಮುಂದೆ ಬೇಡ. ಅವನು ನಿಮ್ಮ ಚಪ್ಪಲಿಯನ್ನೇ ಆರಿಸಿಕೊಂಡದ್ದಕ್ಕೂ ಸೇಡಿನ ಕಾರಣ ಹುಡುಕಬೇಡಿ, ಮನೆಯಲ್ಲಿ ನಿಮ್ಮ ವಾಸನೆ ಗಾಢವಾಗಿರುವ ವಸ್ತುಗಳಲ್ಲಿ ಅದೂ ಒಂದು.

ಮುದ್ದಿನಿಂದ ಹೀಗಾಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2001ರಲ್ಲಿ ಫ್ಲ್ಯಾನಿಗನ್ ಮತ್ತು ಡಾಡ್ಮನ್ ಎಂಬ ಪಶುವೈದ್ಯರು ಅಗಲಿಕೆಯ ಆತಂಕವಿದ್ದ 200 ನಾಯಿಗಳನ್ನು ಬೇರೆ ವರ್ತನೆಯ ತೊಂದರೆಗಳಿದ್ದ 200 ನಾಯಿಗಳೊಂದಿಗೆ ಹೋಲಿಸಿ ನೋಡಿದರು. ಮುದ್ದು ಮಾಡುವ ರೂಢಿಗಳಿಗೂ ಈ ಆತಂಕಕ್ಕೂ ಅಲ್ಲಿ ನಂಟು ಕಂಡುಬರಲಿಲ್ಲ. ಮನೆಯಲ್ಲಿ ಬೇರೆ ಸಾಕುಪ್ರಾಣಿ ಇದೆಯೇ ಇಲ್ಲವೇ ಎಂಬುದರಿಂದಲೂ ವ್ಯತ್ಯಾಸವಾಗಿರಲಿಲ್ಲ. ಇದು ನಿಮ್ಮ ಗೆಳತಿಯ ಸಲಹೆಗೂ ಉತ್ತರ. ಗುಂಡ ಹಂಬಲಿಸುತ್ತಿರುವುದು ಯಾವುದೋ ಒಂದು ಜೀವದ ಜೊತೆಗಲ್ಲ, ನಿಮಗಾಗಿ. ಒಂಟಿಯಾಗಿರುವುದೇ ತೊಂದರೆಯಾಗಿರುವ ಕೆಲವು ನಾಯಿಗಳಿಗೆ ಜೊತೆಗಾರ ನೆರವಾಗುವುದುಂಟು. ಅದನ್ನು ತಿಳಿಯಲು ಇನ್ನೊಂದು ನಾಯಿ ತರುವ ಮೊದಲು ಪರಿಚಯದವರ ಶಾಂತ ನಾಯಿಯನ್ನು ಒಂದೆರಡು ದಿನ ಜೊತೆಗಿಟ್ಟು ವಿಡಿಯೊ ನೋಡಬಹುದು. ಇಲ್ಲದಿದ್ದರೆ ಹೆದರುವ ನಾಯಿಗಳು ಒಂದರ ಬದಲು ಎರಡಾಗುವ ಸಾಧ್ಯತೆಯಿದೆ.

ಮೂಲ ಕಾರಣ ಬಾಂಧವ್ಯ. ಪುಟ್ಟ ಮಕ್ಕಳು ತಾಯಿ ಕೋಣೆಯಿಂದ ಹೊರಗೆ ಹೋದಾಗ ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಲು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ರೂಪಿಸಿದ ಪರೀಕ್ಷೆಯನ್ನು 1998ರಲ್ಲಿ ಹಂಗೇರಿಯ ಯೋಜೆಫ್ ತೊಪಾಲ್ ಮತ್ತು ಸಂಗಡಿಗರು ನಾಯಿಗಳಿಗೆ ಹೊಂದಿಸಿ ಮಾಡಿದರು. ನಾಯಿಗಳು ಮಾಲೀಕರನ್ನು ಅಪರಿಚಿತರಿಂದ ಬೇರೆಯಾಗಿಯೇ ಕಂಡವು, ಮಾಲೀಕರು ಇದ್ದಾಗ ಹೆಚ್ಚು ಆಡಿದವು, ಅವರು ಹೋದಾಗ ಬಾಗಿಲ ಬಳಿ ನಿಂತವು. ಅಂದರೆ ನಿಮ್ಮ ಹಾದಿ ಕಾಯುವುದು ಯಾವುದೇ ನಾಯಿಯಲ್ಲಿ ಸಹಜ. ಕಾಯುವುದು ಭಯವಾಗಿ ತಿರುಗಲು ಇನ್ನೇನಾದರೂ ಕೂಡಬೇಕು. ಗುಂಡನ ಬದುಕಿನಲ್ಲಿ ಎರಡು ಸಂಗತಿಗಳು ಕೂಡಿವೆ. ಎಂಟನೆಯ ತಿಂಗಳಲ್ಲಿ ಒಂದು ಮನೆ ಕಳೆದುಕೊಂಡ. ಆಮೇಲೆ ಎರಡು ವರ್ಷ ಒಂಟಿತನದ ಪರಿಚಯವೇ ಇಲ್ಲದೆ ಬೆಳೆದು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಾಲ್ಕೈದು ಗಂಟೆ ಒಬ್ಬನೇ ಉಳಿದ. ಈಜು ಬಾರದವನನ್ನು ನೇರ ಮಡುವಿಗೆ ಇಳಿಸಿದಂತೆ. ನೀವು ಬೇಕೆಂದು ಮಾಡಿದ್ದಲ್ಲ, ಅವನಿಗೆ ಮಾತ್ರ ಕಲಿಯಲು ಸಮಯ ಸಿಗಲಿಲ್ಲ. ಮನೆ ಬದಲಾದಾಗ, ಮನೆಯ ಸದಸ್ಯರೊಬ್ಬರು ದೂರವಾದಾಗ, ಒಂಟಿಯಾಗಿದ್ದಾಗ ದೊಡ್ಡ ಸದ್ದು ಕೇಳಿ ಬೆದರಿದಾಗಲೂ ಹೀಗೆಯೇ ಶುರುವಾಗುತ್ತದೆ.

ಪಂಜರದ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಪಂಜರವನ್ನು ತನ್ನ ಗೂಡೆಂದು ಒಪ್ಪಿಕೊಂಡು ಬಾಗಿಲು ತೆರೆದಿದ್ದರೂ ಅಲ್ಲೇ ಮಲಗುವ ನಾಯಿಗಳಿವೆ, ಅವುಗಳ ಮಾತು ಬೇರೆ. ಹೆದರಿದ ನಾಯಿಯನ್ನು ಕೂಡಿಹಾಕಿದರೆ ಭಯದ ಜೊತೆಗೆ ಸೆರೆಯೂ ಸೇರುತ್ತದೆ. ಸರಳು ಕಚ್ಚಿ ಕೋರೆಹಲ್ಲು ಮುರಿದುಕೊಂಡ, ಉಗುರು ಕಿತ್ತುಕೊಂಡ ನಾಯಿಗಳಿಗೆ ನಾನು ಚಿಕಿತ್ಸೆ ಮಾಡಿದ್ದೇನೆ. ಅವುಗಳ ಮಾಲೀಕರೂ ಪ್ರೀತಿಯಿಂದಲೇ, ಯಾರದೋ ಮಾತು ನಂಬಿಯೇ ಹಾಗೆ ಮಾಡಿದ್ದರು. 'ಅತ್ತು ಅತ್ತು ಸುಮ್ಮನಾಗುತ್ತಾನೆ' ಎಂಬುದು ಇನ್ನೂ ಅಪಾಯದ ಮಾತು. ಕೆಲವು ನಾಯಿಗಳು ಸುಮ್ಮನಾಗುತ್ತವೆ, ನಿಜ. ಕೂಗಿದರೆ ಯಾರೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಕೂಗು ನಿಲ್ಲುತ್ತದೆ, ಭಯ ನಿಲ್ಲುವುದಿಲ್ಲ. ಬೊಗಳಿದರೆ ವಿದ್ಯುತ್ ತಗುಲಿಸುವ ಕೊರಳಪಟ್ಟಿಗಳೂ ಇದೇ ಜಾತಿಗೆ ಸೇರಿದವು, ಯಾರು ಹೇಳಿದರೂ ತರಬೇಡಿ. ಮತ್ತೊಂದು ಹಳೆಯ ನಂಬಿಕೆಯೂ ನಿಮ್ಮ ಕಿವಿಗೆ ಬೀಳಬಹುದು: ಹೆದರಿದ ನಾಯಿಯನ್ನು ಸಂತೈಸಿದರೆ ಭಯ ಹೆಚ್ಚುತ್ತದೆ ಎಂದು. ಭಯವು ಬಹುಮಾನ ಕೊಟ್ಟು ಕಲಿಸಬಹುದಾದ ಕಸರತ್ತಲ್ಲ. ಮೈ ಸವರಿ, ಮೆಲುದನಿಯಲ್ಲಿ ಮಾತಾಡಿಸಿ.

ಹಾಗಾದರೆ ಮಾಡುವುದೇನು? ಮೊದಲನೆಯದು, ಕಲಿಸುವ ಅವಧಿಯಲ್ಲಿ ಅವನು ತಡೆದುಕೊಳ್ಳುವ ಮಿತಿಗಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡದಿರುವುದು. ಇದು ಎಲ್ಲರಿಗೂ ಕಷ್ಟದ ಭಾಗ, ಎಲ್ಲರೂ ಬಿಟ್ಟುಬಿಡುವ ಭಾಗವೂ ಇದೇ. ಬೆಳಿಗ್ಗೆ ಹತ್ತು ನಿಮಿಷ ಧೈರ್ಯ ಕಲಿಸಿ, ಹತ್ತು ಗಂಟೆಗೆ ಐದು ತಾಸು ಹೆದರಲು ಬಿಟ್ಟು ಹೋದರೆ ಕಲಿತದ್ದು ಅಂದೇ ಅಳಿಸಿಹೋಗುತ್ತದೆ. ವಾರಕ್ಕೆ ಮೂರು ದಿನದ ಪ್ರಶ್ನೆ ತಾನೇ. ಮನೆಯವರ ಕೆಲಸದ ವೇಳೆ ಹೊಂದಿಸಿಕೊಳ್ಳಬಹುದೇ, ಅವನಿಗೆ ಪರಿಚಯವಿರುವ ಬಂಧುಗಳು ಬಂದು ಕೂರಬಲ್ಲರೇ, ನಾಯಿಗಳನ್ನು ಹಗಲು ನೋಡಿಕೊಳ್ಳುವವರು ಸಿಗುತ್ತಾರೆಯೇ, ವಿಚಾರಿಸಿ. ಇದರಲ್ಲೂ ಒಂದು ಅಪಾಯವಿದೆ: ಹತ್ತಾರು ನಾಯಿಗಳ ನಡುವೆ ಬಿಟ್ಟರೆ ಕೆಲವು ನಾಯಿಗಳಿಗೆ ಅದೇ ಹೊಸ ಹೆದರಿಕೆಯಾಗುತ್ತದೆ. ಮೊದಲ ದಿನ ನೀವೂ ಜೊತೆಗಿದ್ದು ಅವನ ಮೈ ಓದಿ.

ಎರಡನೆಯದು ಕಲಿಸುವಿಕೆ. ವಿಡಿಯೊದಲ್ಲಿ ಮೊದಲ ಅಳುಕು ಯಾವ ಕ್ಷಣದಲ್ಲಿ ಕಾಣುತ್ತದೆ ಎಂದು ಗುರುತು ಹಾಕಿಕೊಳ್ಳಿ. ಬಾಗಿಲು ಮುಚ್ಚಿದ 40ನೆಯ ಸೆಕೆಂಡಿಗೆ ಎಂದಿಟ್ಟುಕೊಳ್ಳಿ, ನೀವು 10, 15 ಸೆಕೆಂಡಿನಿಂದ ಶುರು ಮಾಡಬೇಕು. ಬಾಗಿಲ ಹಿಡಿಯನ್ನು ಮುಟ್ಟಿದರೇ ಅಳುಕುವುದಾದರೆ, ಹಿಡಿ ಮುಟ್ಟಿ ಕೈ ಬಿಡುವುದೇ ಮೊದಲ ಪಾಠ. ಹೋಗಿ, ಅವನು ಅಳುಕುವ ಮೊದಲೇ ಬಂದು, ಸುಮ್ಮನೆ ಕೂತುಕೊಳ್ಳಿ. ಅವನ ಉಸಿರು, ಬಾಯಿ ಸಡಿಲವಾದ ಮೇಲೆ ಮತ್ತೊಮ್ಮೆ. ಸಮಯವನ್ನು ಏಣಿಯಂತೆ ಏರಿಸುತ್ತಲೇ ಹೋಗಬೇಡಿ: 10, 25, 15, 30, 5, ಹೀಗೆ ಏರಿಳಿತವಿರಲಿ, ಇಲ್ಲವಾದರೆ ಪ್ರತಿ ಸಲ ಹಿಂದಿನದಕ್ಕಿಂತ ಕಷ್ಟವೇ ಬರುತ್ತದೆ ಎಂದು ಅವನು ಕಲಿಯುತ್ತಾನೆ. ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ 20 ನಿಮಿಷ ಮೀರದಂತೆ ಮಾಡಿದರೆ ಸಾಕು. ಮೊದಲ ಅರ್ಧ ಗಂಟೆಯನ್ನು ತಲುಪುವುದೇ ನಿಧಾನ. ಅದನ್ನು ದಾಟಿದ ನಾಯಿಗಳು ಆಮೇಲೆ ಸಾಮಾನ್ಯವಾಗಿ ದೊಡ್ಡ ಹೆಜ್ಜೆ ಇಡುತ್ತವೆ. ಅವಸರ ಮಾಡಿದರೆ ಅವನು ಹೊಂದಿಕೊಳ್ಳುವ ಬದಲು ಇನ್ನಷ್ಟು ಸೂಕ್ಷ್ಮವಾಗುತ್ತಾನೆ. ತುಟಿ ನೆಕ್ಕುವುದು, ಆಕಳಿಕೆ ಶುರುವಾಯಿತೆಂದರೆ ಅಂದು ಮಿತಿ ದಾಟಿದ್ದೀರಿ ಎಂದರ್ಥ, ಹಿಂದಕ್ಕೆ ಬನ್ನಿ. ನೀವು ಈಗಾಗಲೇ ಕಂಡುಕೊಂಡಿರುವ ಆ ಗುರುತುಗಳೇ ಈ ಕೆಲಸದಲ್ಲಿ ನಿಮ್ಮ ಅಳತೆಗೋಲು.

ದಿನಕ್ಕೆ ಹತ್ತಾರು ಸಲ ಚೀಲ ಎತ್ತಿ ಇಟ್ಟು, ಚೀಲದ ಅರ್ಥವನ್ನೇ ಅಳಿಸಿಬಿಡಿ ಎಂದು ಹೇಳುವವರಿದ್ದಾರೆ. ಕೆಲವು ನಾಯಿಗಳಿಗೆ ಇದು ಹಿಡಿಸುತ್ತದೆ. ಗುಂಡನಂಥ ಎಚ್ಚರದ ನಾಯಿಗೆ ನಾನು ಇದನ್ನು ಬಹಳ ಮಿತವಾಗಿ ಹೇಳುತ್ತೇನೆ. ಚೀಲ ಕಂಡಾಗ ಮಾತ್ರ ಹೆದರುತ್ತಿದ್ದವನಿಗೆ ಇಡೀ ದಿನ ಯಾವಾಗ ಏನಾಗುವುದೋ ಎಂಬ ಕಾವಲು ಶುರುವಾದರೆ ಇದ್ದ ನೆಮ್ಮದಿಯೂ ಹೋಗುತ್ತದೆ. ಮೊದಲು ಬಾಗಿಲಿನ ಪಾಠ ನಡೆಯಲಿ, ಚೀಲವನ್ನು ಆಮೇಲೆ ಸೇರಿಸಿ. ಊಟ ತುಂಬಿದ ಆಟಿಕೆಗಳೂ ಹಾಗೆಯೇ, ಬೇಸರಕ್ಕೆ ಒಳ್ಳೆಯವು, ಭಯಕ್ಕೆ ಮದ್ದಲ್ಲ.

ಮೂರನೆಯದು ಔಷಧ. ಇದರ ಮಾತೆತ್ತಿದರೆ ಮಾಲೀಕರ ಮುಖ ಬಾಡುತ್ತದೆ, ನಾಯಿಯನ್ನು ಮಂಪರಿನಲ್ಲಿ ಇಡುತ್ತೇವೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಕ್ಲೋಮಿಪ್ರಮಿನ್‌ಗೆ 1998ರಲ್ಲಿ, ಫ್ಲುಯೊಕ್ಸೆಟಿನ್‌ಗೆ 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದೇ ತೊಂದರೆಗೆ, ತರಬೇತಿಯ ಜೊತೆಯಲ್ಲಿ ಕೊಡುವಂತೆ, ನಾಯಿಗಳಿಗೆ ಒಪ್ಪಿಗೆ ನೀಡಿದೆ. ಇವು ಪಾಠ ಕಲಿಯಬಲ್ಲಷ್ಟು ಭಯವನ್ನು ತಗ್ಗಿಸುತ್ತವೆ, ಪಾಠವನ್ನು ಅವೇ ಕಲಿಸುವುದಿಲ್ಲ. ಪೂರ್ತಿ ಪರಿಣಾಮ ಕಾಣಲು 4ರಿಂದ 8 ವಾರ ಬೇಕು. ಆರಂಭದಲ್ಲಿ ಹಸಿವು ಕುಗ್ಗಬಹುದು, ವಾಂತಿ, ಮಂಕು ಕಾಣಬಹುದು. ಅಪಸ್ಮಾರದ ಇತಿಹಾಸವಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಅಮಿಟ್ರಾಜ್ ಎಂಬ ಕೀಟನಾಶಕ ಇರುವ ಉಣ್ಣಿ ನಿವಾರಕ ಕೊರಳಪಟ್ಟಿ ಕಟ್ಟಿದ್ದರೆ ಅದನ್ನೂ ತಪ್ಪದೆ ತಿಳಿಸಿ, ಈ ಔಷಧಗಳ ಜೊತೆ ಅದು ಸಲ್ಲದು. ನಿಮಗೆಂದು ಬರೆದುಕೊಟ್ಟ ಮಾತ್ರೆಯನ್ನು ಅವನಿಗೆ ಕೊಡಬೇಡಿ, ಶುರು ಮಾಡಿದ್ದನ್ನು ನೀವಾಗಿಯೇ ತಟ್ಟನೆ ನಿಲ್ಲಿಸಲೂ ಬೇಡಿ. ಅಸೆಪ್ರೊಮಾಜಿನ್‌ನಂಥ ಮಂಪರಿನ ಔಷಧವನ್ನು ಮಾತ್ರ ಇದೊಂದಕ್ಕೇ ಕೊಡಲು ನಾನು ಒಪ್ಪುವುದಿಲ್ಲ. ಮೈ ಅಲುಗದಂತೆ ಮಾಡಿ ಮನಸ್ಸನ್ನು ಭಯದಲ್ಲೇ ಬಿಡುವ ಔಷಧ ಅದು. ಗುಂಡನಿಗೆ ಔಷಧ ಬೇಕೇ? ವಿಡಿಯೊದಲ್ಲಿ ಕಾಣುವುದು ನೀವು ಬರೆದಷ್ಟೇ ಆಗಿದ್ದು, ಅವನನ್ನು ಕೆಲವು ವಾರ ಒಂಟಿಯಾಗಿ ಬಿಡದೆ ಇರಲು ನಿಮಗೆ ಸಾಧ್ಯವಾದರೆ, ಮೊದಲು ತರಬೇತಿಯನ್ನೇ ನೋಡೋಣ. ಏಳೆಂಟು ವಾರದಲ್ಲಿ ಏನೂ ಕದಲದಿದ್ದರೆ, ಅಥವಾ ವಿಡಿಯೊ ಇದಕ್ಕಿಂತ ಹೆಚ್ಚಿನದನ್ನು ತೋರಿಸಿದರೆ, ತಡಮಾಡದೆ ಔಷಧದ ಮಾತು ಎತ್ತಬೇಕು. ಕೊನೆಯ ಉಪಾಯವೆಂದು ಅದನ್ನು ಮುಂದೂಡುತ್ತ ಹೋದವರ ನಾಯಿಗಳು ಸುಮ್ಮನೆ ಹೆಚ್ಚು ನರಳಿದ್ದನ್ನು ನೋಡಿದ್ದೇನೆ.

ಎಷ್ಟು ದಿನ ಹಿಡಿಯುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುವುದು ನ್ಯಾಯ. ತಿಂಗಳುಗಳ ಲೆಕ್ಕ ಇಟ್ಟುಕೊಳ್ಳಿ, ವಾರಗಳದ್ದಲ್ಲ. ನಡುವೆ ಒಂದು ವಾರ ಎಲ್ಲ ಹಿಂದಕ್ಕೆ ಹೋದಂತೆ ಅನ್ನಿಸುತ್ತದೆ. ಪುಟ್ಟ ಪುಸ್ತಕದಲ್ಲಿ ದಿನಾಂಕ, ಎಷ್ಟು ಸೆಕೆಂಡು, ಯಾವ ಗುರುತು ಕಂಡಿತು ಎಂದು ಬರೆದಿಟ್ಟಿರುವವರು ಅಂಥ ವಾರದಲ್ಲಿ ಎದೆಗುಂದುವುದಿಲ್ಲ, ಎರಡು ಪುಟ ಹಿಂದಕ್ಕೆ ತಿರುಗಿಸಿದರೆ ಎಲ್ಲಿಂದ ಎಲ್ಲಿಗೆ ಬಂದಿದ್ದೇವೆ ಎಂದು ಕಾಣುತ್ತದೆ. ವಿಡಿಯೊವನ್ನು ಮನೆಯವರ ಜೊತೆ ಕೂತು ನೋಡಿ. ನನ್ನ ಮಾತಿಗಿಂತ ಅದು ಅವರಿಗೆ ಹೆಚ್ಚು ಹೇಳುತ್ತದೆ. ತರಬೇತಿಯ ಕೆಲಸ ಇಬ್ಬರದೂ ಆದರೆ ನಿಮ್ಮ ಹೊರೆಯೂ ಇಳಿಯುತ್ತದೆ.

ಇನ್ನು ಹಾಸಿಗೆ. ನಿಲ್ಲಿಸಬೇಕಾಗಿಲ್ಲ. ಹಗಲಲ್ಲಿ ನೀವು ಮನೆಯಲ್ಲೇ ಇರುವಾಗ, ತನ್ನದೇ ಹಾಸಿನ ಮೇಲೆ, ನಿಮ್ಮಿಂದ ಒಂದು ಕೋಣೆಯಾಚೆ ಸ್ವಲ್ಪ ಹೊತ್ತು ಮಲಗುವುದು ಅವನಿಗೆ ರೂಢಿಯಾದರೆ ಒಳ್ಳೆಯದು. ಬಾಗಿಲು ಮುಚ್ಚದೆ, ಅವನು ತಾನಾಗಿಯೇ ಹೋಗಿ ಮಲಗಿದಾಗ ಮೆಲ್ಲಗೆ ಒಂದು ತಿನಿಸು ಪಕ್ಕದಲ್ಲಿಟ್ಟು ಬನ್ನಿ. ರಾತ್ರಿ ಅವನು ಎಂದಿನಂತೆ ನಿಮ್ಮ ಕಾಲ ಬಳಿಯೇ ಮಲಗಲಿ.